ಎರಡನೇ ಸೋಮವಾರದ ನೀಲಿ

ಸೋಮವಾರ, ಬೆಳಗಿನ ಜಾವ ಎರಡು ಗಂಟೆ. ಎಬ್ಬಿಸಿದ್ದು ಮಗುವಲ್ಲ, ಸೂರಿನ ಹಲ್ಲಿ ಲೊಚಗುಟ್ಟಿದ್ದು.

ಮಗುವಿಗೆ ಹಿಂಡಿಟ್ಟ ಎದೆಹಾಲಿನ ಬಾಟಲಿಗಳಿಗೆ ದಿನಕ್ಕೊಂದು ಬಣ್ಣದ ರಬ್ಬರ್ ಬ್ಯಾಂಡ್ ಹಾಕುತ್ತೇನೆ, ಹಳೆಯದು ಮೊದಲು ಮುಗಿಯಲಿ ಎಂದು. ಆಫೀಸಿನ ಅರ್ಜಿಗಳಿಗೂ ಹಾಗೇ ಮಾಡೋಣ ಎಂದವಳು ನಾನು. ನಮ್ಮಲ್ಲಿ ಮರ್ಯಾದೆಗೆ ಗಂಡಸರನ್ನು ಪಾಕ್, ಹೆಂಗಸರನ್ನು ಬು ಎನ್ನುತ್ತಾರೆ. ಮೀಟಿಂಗಿನಲ್ಲಿ ಮ್ಯಾನೇಜರ್ ಪಾಕ್ ಹರ್ತೊನೊ ನನ್ನತ್ತ ಕೈ ತೋರಿ, "ಐಡಿಯಾ ನಂದು. ಬು ಲಾಸ್ತ್ರಿ ಪಾಪ, ರಬ್ಬರ್ ಬ್ಯಾಂಡ್ ತಂದ್ಕೊಟ್ರು," ಅಂದರು. ಎಲ್ಲರೂ ನಕ್ಕರು.

ಹಾಲು ವಾರದೊಳಗೆ ಮುಗಿಯುತ್ತದೆ, ಅರ್ಜಿ ಮುಗಿಯುವುದಿಲ್ಲ. ಆಫೀಸಿನಲ್ಲಿ ಇದು ಶುರುವಾಗಿ ಇವತ್ತು ಎರಡನೇ ಸೋಮವಾರ. ಕಳೆದ ಸೋಮವಾರದ ಅರ್ಜಿಯೂ ನೀಲಿ, ಇವತ್ತಿನದೂ ನೀಲಿ. ಇವತ್ತು ಬರುವ ಜಕಾರ್ತದ ಹೆಡ್ಡಾಫೀಸಿನ ದೊಡ್ಡವರೆದುರು ಪಾಕ್ ಹರ್ತೊನೊ ಪೆಚ್ಚಾಗಿ ನಿಲ್ಲುವುದನ್ನು ನೆನೆದರೇ ಹೊಟ್ಟೆ ತಣ್ಣಗಾಗುತ್ತದೆ. ಹೊಸ ವಾರಕ್ಕೆ ಎರಡೆರಡು ಬ್ಯಾಂಡ್ ಹಾಕಿದರೆ ಸಾಕು. ಅವರು ಕೇಳದೆ ನಾನಾಗಿ ಹೇಳುವುದಿಲ್ಲ.

ಆದರೆ ಕೆಲಸ ಕೆಟ್ಟ ಕೂಡಲೇ, "ಇದು ಬು ಲಾಸ್ತ್ರಿ ಐಡಿಯಾ," ಅಂತಾರೆ. ಕೆಲಸ ಹೋದರೆ ಮಗುವಿಗೆ? ಪಾಕ್, ಐಡಿಯಾ ನನ್ನದೆಂದು ಒಪ್ಪಿಕೊಳ್ಳುವುದೂ ಬೇಡ, ಏನು ಮಾಡೋಣ ಅಂತ ಬರೀ ಕೇಳಿ. ಬೆಳಗಾಗುವುದರೊಳಗೆ ಒಂದೇ ಒಂದು ಫೋನ್ ಮಾಡಿ, ದಮ್ಮಯ್ಯ