ಮಾರ್ಚೆಲಾಳ ನಾಲ್ಕು ಅಂಕ

ವಾಲ್ಯಾ ನೂಕುಲುಯಿ, ಮೊಲ್ದೋವಾ
ಭಾನುವಾರ, 5 ಜೂನ್ 2005

ಪ್ರೀತಿಯ ಲೀದಿಯಾ,

ಹೇಗಿದ್ದೀಯೇ ಮಗಳೇ? ಸೊಂಟನೋವು ಕಡಿಮೆಯಾಯಿತೇ? ಪಾದೋವಾದಲ್ಲಿ ನೀನು ನೋಡಿಕೊಳ್ಳುವ ಆ ಮುದುಕಿಯನ್ನು ಒಬ್ಬಳೇ ಹಾಸಿಗೆಯಿಂದ ಎತ್ತಬೇಡ ಎಂದು ಎಷ್ಟು ಸಲ ಬರೆಯಲಿ? ಅವಳು ಹೆತ್ತ ಮಕ್ಕಳು ಎತ್ತಲಿ, ಅವರ ಕೈಗೇನು ಲಕ್ವ ಹೊಡೆದಿದೆಯೇ? ನಾನು ಗಟ್ಟಿಯಾಗಿದ್ದೇನೆ. ಮೆಟ್ಟಿಲು ಹತ್ತುವಾಗ ಮಂಡಿ ಹಿಡಿಯುತ್ತದೆ, ಅಷ್ಟೇ. ನೀನು ಕಳಿಸಿದ ಮುಲಾಮಿನಿಂದ ಎಳ್ಳಷ್ಟೂ ಉಪಯೋಗವಿಲ್ಲ, ವಾಸನೆ ಮಾತ್ರ ಚೆನ್ನಾಗಿದೆ. ಹಸು ಕರು ಹಾಕಿದೆ. ಇಟಲಿಗೆ ವ್ಯಾನ್ ಓಡಿಸುವ ತುದೊಸೆಯ ಕೈಯಲ್ಲಿ ಕುರಿಹಾಲಿನ ಚೀಸ್ ಮತ್ತು ಚೆರ್ರಿ ಮುರಬ್ಬದ ಬಾಟಲಿಗಳನ್ನು ಕಳಿಸುತ್ತಿದ್ದೇನೆ. ಮುಚ್ಚಳ ನೋಡಿಕೊಂಡು ಇಳಿಸಿಕೋ, ಹೋದ ಸಲ ಆ ಹೊಟ್ಟೆಬಾಕ ಗಡಿ ದಾಟುವ ಮೊದಲೇ ಒಂದನ್ನು ನೆಕ್ಕಿ ಮುಗಿಸಿದ್ದ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ಮಗಳು ಏಳನೆಯ ತರಗತಿಯಲ್ಲಿ ಫೇಲಾಗಿದ್ದಾಳೆ. ಉಳಿದದ್ದರಲ್ಲೆಲ್ಲ ಪಾಸು. ಭಾಷೆಯಲ್ಲಿ, ಅಂದರೆ ನನ್ನ ವಿಷಯದಲ್ಲಿ, ಹತ್ತಕ್ಕೆ ನಾಲ್ಕು. ಐದಾದರೂ ಬೇಕು ಎಂದು ನಿನಗೆ ಗೊತ್ತು, ನೀನೂ ನನ್ನ ಕೈಕೆಳಗೇ ಕಲಿತವಳು. ಮರುಪರೀಕ್ಷೆ ಆಗಸ್ಟ್ ಕೊನೆಗೆ. ಪಾಸಾದ ಪತ್ರವಿಲ್ಲದೆ ಅಲ್ಲಿನ ಶಾಲೆ ಸೇರಿಸಿಕೊಳ್ಳುವುದಿಲ್ಲ, ಶಾಲೆ ಸೇರಿಸಿಕೊಳ್ಳದೆ ವೀಸಾ ಇಲ್ಲ, ನೀನು ಮೂರು ವರ್ಷ ಕಚೇರಿಯಿಂದ ಕಚೇರಿಗೆ ಅಲೆದು ಅವಳನ್ನು ಕರೆಸಿಕೊಳ್ಳಲು ಮಾಡಿಸಿದ ಅನುಮತಿ ಜುಲೈ ಮೂವತ್ತೊಂದಕ್ಕೆ ಮುಗಿದುಹೋಗುತ್ತದೆ. ಇದೆಲ್ಲ ನೀನೇ ಬರೆದಿದ್ದೆ, ನಾನೇನೂ ಮರೆತಿಲ್ಲ. ಆದ್ದರಿಂದ ಮಾರ್ಚೆಲಾ ಈ ಬೇಸಿಗೆಯಲ್ಲಿ ನಿನ್ನ ಹತ್ತಿರ ಬರುವುದಿಲ್ಲ. ಅವಳ ಮಂಚ, ಹೊದಿಕೆ ಎಲ್ಲ ತಂದಿಟ್ಟುಕೊಂಡಿದ್ದೀಯಂತೆ. ಅತ್ತು ಪ್ರಯೋಜನವಿಲ್ಲ.

ನಾನು ಕಲಿಸಲಿಲ್ಲ ಎಂದು ಮಾತ್ರ ಅನ್ನಬೇಡ. ಸಕರ್ಮಕ, ಅಕರ್ಮಕ ಕ್ರಿಯಾಪದಗಳಿಗೆ ನನ್ನ ಹಳೆಯ ಉಪಾಯ ನೆನಪಿದೆಯಲ್ಲ? ಒಂದೊಂದು ಡೆಸ್ಕಿನ ಮೇಲೂ ಅಕ್ರೋಟು ಇಟ್ಟು ಒಡೆಯಿರಿ ಎನ್ನುತ್ತೇನೆ. ಏನನ್ನು ಒಡೆದಿರಿ? ಅಕ್ರೋಟನ್ನು. ಉತ್ತರ ಸಿಕ್ಕಿತು, ಸಕರ್ಮಕ. ಈಗ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿ. ಏನನ್ನು ಮಲಗಿದಿರಿ? ಎಲ್ಲರೂ ನಗುತ್ತಾರೆ, ಅಕರ್ಮಕ. ಹೋದ ಅಕ್ಟೋಬರಿನಲ್ಲಿ ಮಾರ್ಚೆಲಾಳನ್ನು ಎಬ್ಬಿಸಿ, ನಿನ್ನದೇ ಒಂದು ಉದಾಹರಣೆ ಹೇಳು ಎಂದೆ. “ಕಾಯ್ತೀನಿ” ಅಂದಳು. ಯಾರನ್ನು, ಪೂರ್ತಿ ಹೇಳು ಎಂದೆ. ಹಿಂದಿನ ಬೆಂಚಿನಿಂದ ಆ ಬಾಯಿಬಡುಕಿ ಪಾರಸ್ಕಿವಾ, “ಅವ್ರಮ್ಮನ್ನ ಟೀಚರ್, ಇಟಲೀಲಿ ಮುದುಕೀರ ಕುಂಡಿ ತೊಳೀತಾಳಲ್ಲ, ಅವಳನ್ನ” ಎಂದು ಕೂಗಿದಳು. ತರಗತಿಯೆಲ್ಲ ಗೊಳ್ಳೆಂದಿತು. ಪಾರಸ್ಕಿವಾಳ ಕಿವಿ ಹಿಂಡಿದೆ. ಆದರೆ ಮಾರ್ಚೆಲಾ ಉತ್ತರ ಪೂರ್ತಿ ಮಾಡಿರಲಿಲ್ಲ, ಅದಕ್ಕೆ ಅರ್ಧ ಅಂಕವನ್ನೇ ಕೊಟ್ಟೆ.

ಪದ್ಯವನ್ನೂ ಕಲಿಸಿದ್ದೇನೆ. ಚರಣ, ಪ್ರಾಸ, ಉಪಮೆ, ರೂಪಕ, ಎಲ್ಲ. ಲಯ ಹಿಡಿಯದವರನ್ನು ಕಾರಿಡಾರಿನಲ್ಲಿ ಸಾಲಾಗಿ ನಡೆಸಿ ಹೆಜ್ಜೆಗೊಂದು ಅಕ್ಷರ ಹೇಳಿಸುತ್ತೇನೆ. ಮಾರ್ಚ್ ಎಂಟರ ತಾಯಂದಿರ ಹಬ್ಬಕ್ಕೆ ಪ್ರತಿಯೊಬ್ಬರೂ ಅಮ್ಮನ ಮೇಲೆ ನಾಲ್ಕು ಸಾಲು ಬರೆದು ಓದಬೇಕಿತ್ತು. ಓದುವುದು ಯಾರ ಮುಂದೆ, ಹೇಳು? ಅಮ್ಮಂದಿರೆಲ್ಲ ನಿನ್ನ ಹಾಗೆ ಪರದೇಶದಲ್ಲಿ, ಈಗ ಅವರ ಕುರ್ಚಿಗಳಲ್ಲಿ ಕೂರುವವರು ಅಜ್ಜಿಯರೇ. ಫೋನಿನಲ್ಲಿ ನಿನ್ನ ದನಿ ಕೇಳುವುದೆಂದರೆ ಬಾವಿಯೊಳಗೆ ದೀಪ ಇಳಿಸಿದ ಹಾಗೆ ಎಂದು ಬರೆದಿದ್ದಳು ನಿನ್ನ ಮಗಳು. ಉಪಮೆ ಚೆನ್ನಾಗಿತ್ತು ಕಣೇ. ಆದರೆ ಅವಳಿಗೆ ಚೆನ್ನಾಗಿಲ್ಲ ಎಂದೆ. ಹಬ್ಬದ ಹಿಂದಿನ ದಿನ ಅದನ್ನು ಬೋರ್ಡಿನ ಮೇಲೆ ಅವಳಿಂದಲೇ ಬರೆಸಿ, ಉಳಿದವರಿಗೆ ತಪ್ಪು ಹುಡುಕಿ ಎಂದೆ. “ಬಾವೀಲಿ ದೀಪ ಆರಿಹೋಗುತ್ತೆ ಟೀಚರ್” ಎಂದು ಒಬ್ಬರು, “ಪ್ರಾಸ ಕುಂಟುತ್ತೆ” ಎಂದು ಇನ್ನೊಬ್ಬರು. ಮಕ್ಕಳಿಗೆ ತಪ್ಪು ಹುಡುಕುವುದೆಂದರೆ ಎಷ್ಟು ಖುಷಿ! ಕೊನೆಗೆ ಮಾರ್ಚೆಲಾಳೇ ಡಸ್ಟರ್ ತೆಗೆದುಕೊಂಡು ಒರೆಸಿದಳು. “ಆಯ್ತು ಟೀಚರ್, ಬೇರೆಯವರದು ನೋಡಿ” ಅಂದಳು. ಶಾಲೆಯಲ್ಲಿ ನನ್ನನ್ನು ಅಜ್ಜಿ ಎನ್ನುವ ಹಾಗಿಲ್ಲ, ಅದು ಮೊದಲಿನಿಂದಲೂ ನಮ್ಮ ಕಟ್ಟಳೆ. ಹಬ್ಬದಲ್ಲಿ ಪಠ್ಯಪುಸ್ತಕದ ಯಾವುದೋ ಪದ್ಯ ಒಪ್ಪಿಸಿದಳು. ಆಮೇಲೆ ಅವಳು ಒಂದು ಸಾಲು ಪದ್ಯವನ್ನೂ ಬರೆದಿಲ್ಲ.

ಫಲಿತಾಂಶ ಬಂದ ಮಧ್ಯಾಹ್ನ ಮುಖ್ಯೋಪಾಧ್ಯಾಯ ಸಿಲ್ವೆಸ್ತ್ರು ಮನೆಗೇ ಬಂದಿದ್ದ. “ಒಂದಂಕ ತಾನೇ ಟೀಚರ್, ಮಗು ತಾಯಿ ಹತ್ರ ಹೋಗ್ಲಿ ಬಿಡಿ. ಬೇಕಾದ್ರೆ ಪೇಪರ್ ಒಂದ್ಸಲ ನಾನು ನೋಡ್ಲಾ?” ಎಂದ. “ಲೋ ಸಿಲ್ವೆಸ್ತ್ರು, ನೀನು ಕ್ಲಾಸಲ್ಲಿ ಚಡ್ಡಿ ಒದ್ದೆ ಮಾಡ್ಕೊಂಡಾಗ ಒಣಗಿಸಿ ಹಾಕಿದವಳು ನಾನು. ನನ್ನ ಪೇಪರ್ ನೀನು ನೋಡ್ತೀಯೇನೋ?” ಎಂದೆ. ಕಿವಿಯವರೆಗೂ ಕೆಂಪಾಗಿ, ಕ್ಷಮಿಸಿ ಎಂದು ಹೇಳಿ ಹೋದ. ನಲವತ್ತೊಂದು ವರ್ಷದಲ್ಲಿ ನಾನು ಹಾಕಿದ ಅಂಕದ ಬಗ್ಗೆ ಈ ಊರಿನಲ್ಲಿ ಎರಡನೆಯ ಮಾತು ಹುಟ್ಟಿಲ್ಲ. ಸ್ವಂತ ಮೊಮ್ಮಗಳಿಗೆ ಒಂದಂಕ ಕಡಿಮೆಯೇ ಕೊಡುವವಳು ಎಂದು ಬಾವಿಕಟ್ಟೆಯಲ್ಲೂ ಹೇಳುತ್ತಾರೆ.

ನನ್ನನ್ನು ಕಟುಕಿ ಎನ್ನುತ್ತೀಯೇನೋ. ಅನ್ನು. ಉಚ್ಚೆ ಬಳಿಯಲು ನಿನಗೆ ಒಬ್ಬ ಮುದುಕಿಯೇ ಬೇಕಿದ್ದರೆ ಇಲ್ಲಿ ನಾನಿರಲಿಲ್ಲವೇ? ಇನ್ನು ಐದು ವರ್ಷಕ್ಕೆ ನನಗೂ ಆ ಗತಿ ಬರುತ್ತದೆ, ಅಲ್ಲಿಯವರೆಗೆ ಕಾಯಲು ಆಗಲಿಲ್ಲವೇ ನಿನಗೆ? ಎರಡು ವರ್ಷ ಎಂದು ಹೇಳಿ ಹೋದವಳು, ಆರಾಯಿತು. ಈ ಹುಡುಗಿಗೆ ಜಡೆ ಹಾಕಿದ್ದು, ಹೇನು ತೆಗೆದದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು ನಾನು. ಈಗ ಬೆಳೆದು ನನಗೆ ಮಾತಿಗೆ ಜೊತೆಯಾದಾಗ ಪಾರ್ಸೆಲ್ ಮಾಡಿ ಕಳಿಸು ಅನ್ನುತ್ತೀ. ಅವಳೂ ಹೋದರೆ ನಾನು ಊಟಕ್ಕೆ ಯಾರನ್ನು ಕರೆಯಲಿ ಹೇಳು. ಹೆದರಿಕೆಯಾಗುತ್ತದೆ ಲೀದಿಯಾ, ಸುಳ್ಳೇಕೆ ಹೇಳಲಿ.

ದೇವರ ತಾಯಿ ನಿನ್ನನ್ನು ಕಾಪಾಡಲಿ, ಪರದೇಶದ ಮೆಟ್ಟಿಲುಗಳಲ್ಲಿ ನಿನ್ನ ಕಾಲು ಜಾರದಿರಲಿ. ಹೊತ್ತಿಗೆ ಸರಿಯಾಗಿ ತಿನ್ನು.

ನಿನ್ನ ಅಮ್ಮ,
ಎಫ್ರೊಸಿನಿಯಾ

ಒಂದು ಮಾತು ಮರೆತಿದ್ದೆ. ತುದೊಸೆ ಹೊರಗೆ ಹಾರನ್ ಬಾರಿಸುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮಾರ್ಚೆಲಾಳ ಪೇಪರಿನಲ್ಲಿ ಒಂದೂ ತಪ್ಪಿರಲಿಲ್ಲ. ಎರಡು ಸಲ ಹುಡುಕಿದೆ, ಸಿಗಲಿಲ್ಲ. ಆಮೇಲೆ ನಾಲ್ಕು ಎಂದು ದಾಖಲೆ ಪುಸ್ತಕದಲ್ಲಿ ಬರೆದು ಪೇಪರನ್ನು ಒಲೆಗೆ ಹಾಕಿದೆ. ಬೇಕಾದರೆ ಸಿಲ್ವೆಸ್ತ್ರುವಿಗೇ ಬರೆ, ನಂಬುತ್ತಾನೆಯೇ ನೋಡು. ಮಾರ್ಚೆಲಾಳಿಗಂತೂ ಅನುಮಾನವೇ ಬಂದಿಲ್ಲ. ಬೆಳಿಗ್ಗೆಯಿಂದ ಅಂಗಳದಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದಾಳೆ, ಸರಿಯಾಗಿ ಬರೆದದ್ದನ್ನೆಲ್ಲ ತಪ್ಪಿರಬೇಕೆಂದು ಹೊಡೆದುಹಾಕಿ ತಪ್ಪು ಬರೆದುಕೊಳ್ಳುತ್ತಿದ್ದಾಳೆ. “ನಾನು ದಡ್ಡಿ ಅಜ್ಜಿ, ನನ್ನ ನೋಡಿದ್ರೆ ಅಮ್ಮಂಗೆ ನಾಚಿಕೆ ಆಗುತ್ತೆ. ಇನ್ಮೇಲೆ ನನ್ನ ಕರೆಸ್ಕೊಳೋದು ಬೇಡ ಅಂತ ನೀನೇ ಬರಿ” ಎಂದು ನಿನ್ನೆ ಹೇಳಿದಳು. ಬರೆಯುತ್ತೇನೆ ಎಂದೆ. ಇದೋ, ಬರೆದಿದ್ದೇನೆ.