ಎಣ್ಣೆಯಲ್ಲಿ ಮುಳುಗಿದ ಬೆಲ್ಟು

ಮಳವಳ್ಳಿ
ಅಮಾವಾಸ್ಯೆಯ ಹಿಂದಿನ ದಿನ, ಮಧ್ಯಾಹ್ನ ಮೂರೂವರೆ

ಯತೀಶ್ ಅವರಿಗೆ,

ಕಾರನ್ನು ಸ್ಟಾರ್ಟ್ ಮಾಡಬೇಡಿ. ಬೇರೇನನ್ನೂ ಓದದಿದ್ದರೂ ಈ ಒಂದು ಸಾಲು ಓದಿ. ನಾಳೆ ಬೆಳಿಗ್ಗೆ ಅದರಲ್ಲಿ ಅತ್ತೆಯನ್ನು ಕೂರಿಸಿಕೊಂಡು ಮಾದಪ್ಪನ ಬೆಟ್ಟಕ್ಕೆ ಹೋಗಬೇಡಿ. ಹರಕೆ ತಪ್ಪಿಸಲಾಗದು ಎಂದರೆ ಬಸ್ಸಿನಲ್ಲಿ ಹೋಗಿ.

ಮಂಡ್ಯದಿಂದ ಸಿಕ್ಕಿದ ಬಸ್ಸು ಹತ್ತಿ ಬಂದೆ. ನಿಮ್ಮ ಮನೆಯ ಎದುರು, ಶಿವರಾಮು ಅವರ ಹಿಟ್ಟಿನ ಗಿರಣಿಯ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ನನ್ನ ನಂಬರನ್ನು ನೀವು ಬ್ಲಾಕ್ ಮಾಡಿ ಎಂಟು ತಿಂಗಳಾಯಿತು. ಶಿವರಾಮು ಫೋನಿನಿಂದ ಮಾಡಿದೆ, ನನ್ನ ದನಿ ಕೇಳಿದ್ದೇ ಇಟ್ಟುಬಿಟ್ಟಿರಿ. ಅತ್ತೆ ಮಾತ್ರ ಬೀಗ ಹಾಕಿದ ಗೇಟಿನ ತನಕ ಬಂದರು. ನಾನು ಎಣ್ಣೆ, ಬೆಲ್ಟು, ಬ್ರೇಕು ಎಂದು ತಡವರಿಸಿದ್ದನ್ನೆಲ್ಲ ಕೇಳಿ, ‘ಎಣ್ಣೆ ಆಕಿದ್ಮೇಲೆ ಯಾಕವ್ವ ಕೆಡ್ತದೆ? ಅರಕೆ ತಪ್ಸಕ್ಕೆ ಇದೊಂದು ಕತೆ ಕಟ್ಕಂಡ್ ಬಂದ್ಯಾ?’ ಎಂದರು. ಆಮೇಲೆ ಏನನ್ನಿಸಿತೋ, ‘ಅವ್ನು ನಿನ್ ಮಕ ನೋಡಕಿಲ್ಲ ಅಂತ ಕುಂತವ್ನೆ. ಕಾಗ್ದ ಬರ್ಕೊಡು, ನಾ ಕೊಡ್ತೀನಿ. ಬಿರ್ನೆ ಬರಿ, ಒಲೆ ಮೇಲೆ ಸಾರದೆ’ ಎಂದರು. ಅವರ ಸಾರು ಉಕ್ಕುವ ಮೊದಲು ಮುಗಿಸಬೇಕು.

ಈ ಎಂಜಿನ್ನಿನ ರಬ್ಬರ್ ಬೆಲ್ಟು ಎಣ್ಣೆಯಲ್ಲಿ ನೆನೆದುಕೊಂಡೇ ತಿರುಗುತ್ತದೆ, ಕಂಪನಿ ಹೇಳಿದ ಎಣ್ಣೆ ಬಿಟ್ಟು ಬೇರೆಯದು ಅದಕ್ಕೆ ಆಗುವುದಿಲ್ಲ ಎಂದು ನೀವು ಬಾನೆಟ್ಟಿನ ಒಳಗೆ ಚೀಟಿ ಅಂಟಿಸಿದ್ದಿರಿ. ಅಷ್ಟೇ ಆಗಿದ್ದರೆ ನನಗೇನೂ ಅನ್ನಿಸುತ್ತಿರಲಿಲ್ಲ. ನನ್ನ ತವರು ಪೂರಿಗಾಲಿಯಲ್ಲಿ ತಮ್ಮ ನಾಗರಾಜು ಎಲೆ ಹಾಕಿ ಬಡಿಸುತ್ತಿದ್ದಾಗ, ಎಲ್ಲರ ಎದುರು, ‘ನಿನ್ನ ತಮ್ಮನ ಟ್ರ್ಯಾಕ್ಟರ್ ಎಣ್ಣೆ ನನ್ನ ಕಾರಿನ ಹತ್ತಿರ ಬರಕೂಡದು’ ಎಂದಿರಿ. ಅವನು ಪಾಯಸದ ಪಾತ್ರೆ ಹಿಡಿದು ನಿಂತೇ ಇದ್ದ. ನನಗೆ ಎಣ್ಣೆ ಕೇಳಿಸಲಿಲ್ಲ. ತಮ್ಮ ಅನ್ನುವುದೊಂದೇ ಕೇಳಿಸಿತು.

ನೀವು ಮಂಡ್ಯದ ಮನೆ ಬಿಟ್ಟು ಮಳವಳ್ಳಿಗೆ ಬಂದ ವಾರವೇ ಆ ಚೀಟಿ ಕಿತ್ತೆ. ಕಾರು ತೆಗೆದುಕೊಂಡು ಪೂರಿಗಾಲಿಗೆ ಹೋದೆ. ಅಲ್ಲಿ ಟ್ರ್ಯಾಕ್ಟರಿಗೆ, ಡೀಸೆಲ್ ಪಂಪಿಗೆ, ಬೈಕಿಗೆ ಎಲ್ಲಕ್ಕೂ ಒಂದೇ ಕ್ಯಾನು, ನಿಮಗೇ ಗೊತ್ತು. ಎಣ್ಣೆಯಲ್ಲಿರುವ ಬೆಲ್ಟಿನ ಮಾತೆತ್ತಿದರೆ ನಾಗರಾಜು ನಕ್ಕ. ‘ಬೆಲ್ಟಿಗೆ ಎಣ್ಣೆ ಸೋಕಿದ್ರೆ ಜಾರ್ತದೆ ಕಣಕ್ಕ. ಎಣ್ಣೇಲಿ ಮುಳುಗ್ಸಿರೋ ಬೆಲ್ಟು ಎಲ್ಲಾರ ಉಂಟಾ? ಭಾವ ಓದಿ ಓದಿ ಕೆಟ್ಟವ್ರೆ ಬುಡು’ ಎಂದ. ನಾನೂ ನಕ್ಕೆ. ಈಗ ನನ್ನ ಕಣ್ಣೆದುರು ಗಿರಣಿಯ ಬೆಲ್ಟು ಒಣಗಿ ಪಟಪಟ ತಿರುಗುತ್ತಿದೆ. ಅದಕ್ಕೆ ಒಂದು ಹನಿ ಎಣ್ಣೆ ಸಿಡಿದರೂ ಶಿವರಾಮು ಬೈದುಕೊಂಡು ಒರೆಸುತ್ತಾರೆ. ಹುಟ್ಟಿದಾಗಿನಿಂದ ನಾವು ಕಂಡ ಬೆಲ್ಟು ಇದೇ. ಅವನ ತಪ್ಪಿಲ್ಲ. ಅವನು ಚೀಟಿ ಓದಿರಲಿಲ್ಲ, ನಾನು ಓದಿದ್ದೆ. ಓದಿಯೂ ಅದೇ ಕ್ಯಾನಿನಿಂದ ಎರಡು ಸಲ ಹಾಕಿಸಿದೆ.

ಇವತ್ತು ಬೆಳಿಗ್ಗೆ ಮಂಡ್ಯದಲ್ಲಿ ಗ್ಯಾರೇಜಿನ ಸುದರ್ಶನ್ ಕರೆದು ಕಾರೆಲ್ಲಿ ಎಂದು ಕೇಳಿದ. ಹತ್ತು ದಿನದ ಹಿಂದೆ ನೀವು ಬಾಗಿಲಲ್ಲೇ ನಿಂತು, ಹರಕೆಗೆ ಬೇಕೆಂದಷ್ಟೇ ಹೇಳಿ ಕೀ ಇಸಿದುಕೊಂಡು ಒಯ್ದಿರಿ, ನಾಳೆ ಬೆಟ್ಟಕ್ಕೆ ಹೋಗುತ್ತೀರಿ ಎಂದೆ. ಹೋದ ತಿಂಗಳು ಯಲಿಯೂರಿನ ಹತ್ತಿರ ಎಣ್ಣೆಯ ಕೆಂಪು ದೀಪ ಮಿನುಗಿ, ಬ್ರೇಕಿನ ಪೆಡಲ್ ಗಟ್ಟಿಯಾಗಿ, ಎರಡೂ ಕಾಲಲ್ಲಿ ಒತ್ತಿ ಕಬ್ಬಿನ ಗಾಡಿಯ ಹಿಂದೆ ಮೊಳದಷ್ಟು ದೂರದಲ್ಲಿ ನಿಲ್ಲಿಸಿದ್ದನ್ನೂ ಹೇಳಿದೆ. ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಒಗ್ಗದ ಎಣ್ಣೆಗೆ ಬೆಲ್ಟಿನ ರಬ್ಬರು ಉಬ್ಬಿ ಪುಡಿಯಾಗುತ್ತದಂತೆ. ಆ ಪುಡಿ ಎಣ್ಣೆಯ ಜರಡಿಗೆ ಕಟ್ಟಿಕೊಂಡು ಎಂಜಿನ್ನಿಗೆ ಎಣ್ಣೆ ಏರುವುದಿಲ್ಲವಂತೆ. ಬ್ರೇಕಿಗೆ ನೆರವಾಗುವ ಪಂಪಿಗೂ ಅದು ನುಗ್ಗುತ್ತದಂತೆ. ‘ಪೆಡಲ್ಲು ಕಲ್ಲಾಯ್ತದೆ ಮೇಡಂ. ಮಂಡ್ಯದ ಬೀದೀಲಾದ್ರೆ ಎಂಗೋ ನಿಲ್ಸ್‌ಬೋದು. ಬೆಟ್ಟ ಇಳಿಯುವಾಗ...’ ಎಂದು ಅಲ್ಲಿಗೇ ಬಿಟ್ಟ. ಇದೆಲ್ಲ ನನಗೆ ಗೊತ್ತಾದದ್ದು ಇವತ್ತೇ.

ಈ ಹತ್ತು ದಿನ ನಿಮಗೇನೂ ಕಾಣದಿರಬಹುದು, ಊರೊಳಗೆ ಮೆಲ್ಲಗೆ ಓಡಿಸಿರುತ್ತೀರಿ. ನನ್ನನ್ನು ನಂಬಬೇಡಿ. ಎಣ್ಣೆ ತುಂಬುವ ಬಾಯಿಯ ಮುಚ್ಚಳ ತಿರುಗಿಸಿ ಒಳಗೆ ಟಾರ್ಚ್ ಬಿಡಿ. ಬೆಲ್ಟು ಕಾಣುತ್ತದೆ. ಅದರ ಬೆನ್ನ ಮೇಲೆ ಬಿಸಿಲಿಗೆ ಒಡೆದ ಕೆರೆಯಂಗಳದಂತೆ ಬಿರುಕು, ಅಂಚಿನಲ್ಲಿ ಎದ್ದ ನೂಲು. ಅದನ್ನು ನೋಡಿದ ಮೇಲೂ ಹೋಗುವುದಾದರೆ ಹೋಗಿ. ನೀವು ಹೋಗಲಾರಿರಿ.

ಪದ್ಯದ ಒಂದು ಪದ ತೆಗೆದು ಅದೇ ಅರ್ಥದ ಇನ್ನೊಂದನ್ನು ಇಟ್ಟರೆ ಪದ್ಯ ಉಳಿಯುವುದಿಲ್ಲ ಎಂದು ಇಪ್ಪತ್ತೆರಡು ವರ್ಷದಿಂದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ. ಎಣ್ಣೆಯ ವಿಷಯದಲ್ಲಿ ನೀವು ಅದನ್ನೇ ಹೇಳಿದಾಗ ನನಗೆ ಕಂಡದ್ದು ನಿಮ್ಮ ಜಂಬ. ನಿಮ್ಮ ಮಾತು ಸರಿಯಾಗಿತ್ತು. ಹೇಳಿದ ಜಾಗ ಸರಿಯಿರಲಿಲ್ಲ. ಇದನ್ನೂ ಈಗಲೇ ಹೇಳಿಬಿಡುತ್ತೇನೆ, ಇನ್ನೊಂದು ಕಾಗದವನ್ನು ನೀವು ಓದುತ್ತೀರೋ ಇಲ್ಲವೋ.

ಗಿರಣಿ ಮುಚ್ಚುವವರೆಗೂ ಇಲ್ಲೇ ಇರುತ್ತೇನೆ. ನೀವು ಬಾನೆಟ್ ಎತ್ತಿದರೆ ಈ ಬೆಂಚಿಗೆ ಕಾಣುತ್ತದೆ. ಮಾತಾಡಿಸಬೇಕಾಗಿಲ್ಲ. ಬಾನೆಟ್ ಎತ್ತಿದ್ದು ಕಂಡರೆ ಸಾಕು, ಎದ್ದು ಬಸ್ಸಿಗೆ ಹೋಗುತ್ತೇನೆ. ಎತ್ತದಿದ್ದರೆ ನಾಳೆ ಬೆಳಕು ಹರಿಯುವ ಹೊತ್ತಿಗೆ ನಿಮ್ಮ ಗೇಟಿನ ಮುಂದೆ ಕೂತಿರುತ್ತೇನೆ. ಬೀದಿಯವರು ನೋಡಿ ನಗಲಿ. ನನ್ನನ್ನು ದಾಟಿ ಕಾರು ಹೊರಗೆ ಬರಬೇಕಷ್ಟೆ.

ಅತ್ತೆ ಗೇಟಿಗೆ ಬಂದು ಕೈ ಚಾಚಿದ್ದಾರೆ.

ರೂಪ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಅತ್ತೆಯನ್ನು ಒಂದು ನಿಮಿಷ ನಿಲ್ಲಿಸಿ ಇದನ್ನು ಬರೆಯುತ್ತಿದ್ದೇನೆ. ಮೇಲೆ ಒಂದು ಸುಳ್ಳಿದೆ. ಬ್ರೇಕಿನ ವಿಷಯ ಇವತ್ತು ತಿಳಿದದ್ದು ನಿಜ. ಬಿರುಕು ಬಿಟ್ಟ ಬೆಲ್ಟನ್ನು ಮಾತ್ರ ಸುದರ್ಶನ್ ಮೂರು ವಾರದ ಹಿಂದೆಯೇ ಟಾರ್ಚ್ ಬಿಟ್ಟು ನನಗೆ ತೋರಿಸಿದ್ದ. ಇನ್ನು ಓಡಿಸಿದರೆ ಎಲ್ಲೋ ಒಂದು ಕಡೆ ನಿಂತುಹೋಗುತ್ತದೆ ಎಂದಿದ್ದ. ನಿಮಗೆ ಕೀ ಕೊಡುವಾಗ ಅದು ನನಗೆ ಗೊತ್ತಿತ್ತು. ಬೆಟ್ಟದ ತನಕ ಅದು ಬಾಳುವುದಿಲ್ಲ, ಮಳವಳ್ಳಿಯ ಯಾವುದಾದರೂ ಬೀದಿಯಲ್ಲೇ ನಿಲ್ಲುತ್ತದೆ ಎಂದುಕೊಂಡೆ. ನಿಂತರೆ, ಇದಕ್ಕೆ ಯಾವ ಎಣ್ಣೆ ಹಾಕಿದ್ದೆ ಎಂದು ಬೈಯುವುದಕ್ಕಾದರೂ ನೀವು ನನಗೆ ಫೋನ್ ಮಾಡಬೇಕಾಗುತ್ತಿತ್ತು.