ದಿಗುಲು ಎಂಬ ಮಾತಿಗೆ ನಾನು ಹೇಳಿದ ಅರ್ಥ

ಹಿಂದೂಪುರ
೧೯ ಏಪ್ರಿಲ್ ೧೯೯೨

ಚಿಕ್ಕವ್ವ ತಿಪ್ಪಕ್ಕನ ಪಾದಗಳಿಗೆ ಓಬುಳಪತಿ ಮಾಡುವ ನಮಸ್ಕಾರ.

ನಾವಿಲ್ಲಿ ಕ್ಷೇಮ, ನೀನು ಹೇಗಿದ್ದೀಯ ಎಂದು ಕೇಳುವುದು ಕಾಗದದ ಪದ್ಧತಿ. ಹಾಗೆ ಕೇಳುವ ಯೋಗ್ಯತೆಯನ್ನು ನಾನು ಐದು ವರ್ಷದ ಹಿಂದೆ, ಶ್ರೀರಾಮನವಮಿಯ ದಿನ, ಕಲ್ಯಾಣದುರ್ಗದ ಛತ್ರದಲ್ಲಿ ಕಳೆದುಕೊಂಡೆ. ಆ ದಿನ ನಾನು ಏನು ಮಾಡಿದೆ ಎನ್ನುವುದು ನಿನಗೆ ಗೊತ್ತು. ಯಾಕೆ ಮಾಡಿದೆ ಎನ್ನುವುದು ಗೊತ್ತಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಬಾರದೆ ಬರೆಯುತ್ತಿದ್ದೇನೆ.

ನೀನು ಅಪ್ಪನ ಕೈಹಿಡಿದು ನಮ್ಮ ಮನೆಗೆ ಬಂದಾಗ ನನಗೆ ನಾಲ್ಕು ವರ್ಷ. ಹೆತ್ತವ್ವ ಸತ್ತು ವರ್ಷ ತುಂಬಿರಲಿಲ್ಲ. ಅವಳ ಮುಖ ನನಗೆ ನೆನಪಿಲ್ಲ. ನೆನಪಿರುವುದು ನಿನ್ನ ಕೈ. ಬಿಸಿ ಮುದ್ದೆಯ ನಡುವೆ ತೋರುಬೆರಳಿನಿಂದ ಕುಳಿ ಮಾಡಿ, ಅದರಲ್ಲಿ ಸಾರು ಬಿಟ್ಟು, ಊದಿ ಊದಿ ತಿನ್ನಿಸುತ್ತಿದ್ದೆ. ನನಗೆ ಒಂಬತ್ತು ತುಂಬಿದ ವರ್ಷ ನಿನ್ನ ಆ ಬೆರಳು ಬಾವಿಯ ರಾಟೆಗೆ ಸಿಕ್ಕಿ ನಜ್ಜುಗುಜ್ಜಾಯಿತು. ಕಲ್ಯಾಣದುರ್ಗದ ಡಾಕ್ಟರು ಎರಡು ಗೆಣ್ಣು ತೆಗೆದರು. ಹೇಗೆ ಸಿಕ್ಕಿತು ಎಂದು ನೀನೂ ಹೇಳಲಿಲ್ಲ, ಬಾವಿ ತೋಡುವ ಗುಂಪಿನಲ್ಲಿದ್ದ ಅಪ್ಪನೂ ಹೇಳಲಿಲ್ಲ. ಗಾಯ ಮಾಗಿದ ಮೇಲೆ ನೀನು ನಡುಬೆರಳಿನಿಂದ ಮುದ್ದೆಗೆ ಕುಳಿ ಮಾಡತೊಡಗಿದೆ. ನಾನು ಅದನ್ನು ಅಷ್ಟಕ್ಕೇ ಮರೆತೆ.

ಮರೆಯದೆ ಉಳಿದದ್ದು ೧೯೬೮ರ ಜೂನ್. ನನಗೆ ಹನ್ನೊಂದು. ಒಂದು ಬೆಳಿಗ್ಗೆ ತಲೆ ಬಾಚಿ, ಕೈಗೆ ಕಡಲೆಕಾಯಿ ಉಂಡೆಯ ಗಂಟು ಕೊಟ್ಟು, ಬ್ರಹ್ಮಸಮುದ್ರದ ಕಡೆಯಿಂದ ಬರುವ ಬಸ್ಸಿನ ಹತ್ತಿರ ಕರೆದುಕೊಂಡು ಹೋದೆ. ಇನ್ನು ಮೇಲೆ ಹಿಂದೂಪುರದ ಜಯರಾಮಪ್ಪ ಮಾವನ ಮನೆಯಲ್ಲಿ ಇರಬೇಕು ಎಂದೆ. ಅಪ್ಪ ಮನೆಯಿಂದ ಹೊರಗೇ ಬರಲಿಲ್ಲ. ನಾನು ನಿನ್ನ ಸೆರಗು ಹಿಡಿದು ಅತ್ತೆ. ನೀನು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, “ಹೋಗಪ್ಪ, ಹಿಂದಕ್ ತಿರುಗಿ ನೋಡ್ಬ್ಯಾಡ” ಎಂದು ಹತ್ತಿಸಿಬಿಟ್ಟೆ. ಆಗ ಯರ್ರಿಸ್ವಾಮಿಗೆ ಐದು ವರ್ಷ. ಅವನನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿದ್ದೆ. ಬಸ್ಸಿನ ಕಿಟಕಿಯಿಂದ ನನಗೆ ಕಂಡದ್ದು ಅದೊಂದೇ: ನಿನ್ನ ಮಗ ನಿನ್ನ ಕಂಕುಳಲ್ಲಿ, ನಾನು ಬಸ್ಸಿನಲ್ಲಿ.

ಮಾವ ಹುಣಸೆಹಣ್ಣಿನ ಮಂಡಿಯಲ್ಲಿ ದುಡಿಯುತ್ತಿದ್ದ ಒಳ್ಳೆಯ ಮನುಷ್ಯ, ಮಾತು ಕಡಿಮೆ. ಗಂಗಕ್ಕತ್ತೆ ಹಾಗಲ್ಲ. ನಾನು ಊಟ ಬಿಟ್ಟು ಕೂತಾಗಲೆಲ್ಲ, “ರಾಮನ್ನ ಕಾಡಿಗೆ ಕಳಿಸ್ದೋಳು ಕೈಕೆ, ನಿನ್ನ ಇಲ್ಲಿಗೆ ಕಳಿಸ್ದೋಳು ತಿಪ್ಪಕ್ಕ. ಇಬ್ರೂ ಒಂದೇ ಕಣ್ಲಾ, ತಮ್ಮ ಮಕ್ಳಿಗೋಸ್ಕರ” ಎನ್ನುತ್ತಿದ್ದಳು. ನಮ್ಮೂರಲ್ಲೂ ನಿನಗೆ ಅದೇ ಹೆಸರು ಬಿದ್ದಿದೆ ಎಂದು ಊರ ಕಡೆಯಿಂದ ಬಂದವರು ಹೇಳುತ್ತಿದ್ದರು. ಕೇಳಿ ನನಗೆ ಸಮಾಧಾನವಾಗುತ್ತಿತ್ತು ಎಂದು ಇಂದು ಬರೆಯಲು ನಾಚಿಕೆಯಾಗುತ್ತದೆ. ಹತ್ತನೇ ತರಗತಿಯಲ್ಲಿ ನನಗೆ ಕಾಮಾಲೆ ಆದಾಗ ನೀನು ನೆಲನೆಲ್ಲಿ ಸೊಪ್ಪು ಕಿತ್ತುಕೊಂಡು ಎರಡು ಬಸ್ಸು ಬದಲಾಯಿಸಿ ಬಂದಿದ್ದೆ. ಅರೆದು ಮಜ್ಜಿಗೆಯಲ್ಲಿ ಕಲಸಿ ತಲೆದೆಸೆಯಲ್ಲಿ ಇಟ್ಟೆ. ನಾನು ಗೋಡೆ ಕಡೆ ತಿರುಗಿ ಮಲಗಿದವನು ನೀನು ಹೋಗುವವರೆಗೂ ತಿರುಗಲಿಲ್ಲ.

ಓದಿದೆ. ಇಲ್ಲೇ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾದೆ. ಹಳೆಯ ಕಾವ್ಯಗಳಿಗೆ, ಹೆಂಗಸರ ಹಾಡುಗಳಿಗೆ ಅರ್ಥ ಹೇಳುವುದರಲ್ಲಿ ಹೆಸರು ಬಂತು. ಮಡಕಶಿರಾ, ಪೆನುಕೊಂಡ ಎಂದು ಕರೆದಲ್ಲೆಲ್ಲ ಹೋದೆ. ಅಪ್ಪ ಸತ್ತಾಗ ನಮ್ಮೂರಿಗೆ ಬಂದು ಹನ್ನೊಂದು ದಿನ ಇದ್ದೆ. ನಿನ್ನ ಜೊತೆ ಹನ್ನೊಂದು ಮಾತು ಆಡಿರಲಿಕ್ಕಿಲ್ಲ. ಯರ್ರಿಸ್ವಾಮಿಯನ್ನು ಎರಡು ಸಲ ಮಾತಾಡಿಸಿದೆ, ಅವನು ಉತ್ತರ ಕೊಡಲಿಲ್ಲ. ಸೊಕ್ಕು ಅಂದುಕೊಂಡು ಮತ್ತೆ ಅವನ ಹತ್ತಿರ ಹೋಗಲಿಲ್ಲ.

ಆಮೇಲೆ ಆ ರಾಮನವಮಿ ಬಂತು. ಸುತ್ತಲ ಹಳ್ಳಿಗಳ ಹೆಂಗಸರು ರಾಮಾಯಣದ ಹಾಡು ಹೇಳುವುದು, ಒಂದೊಂದು ಹಾಡಾದ ಮೇಲೆ ನಾನು ಅರ್ಥ ಬಿಡಿಸುವುದು, ಇದು ಛತ್ರದವರ ಏರ್ಪಾಡು. ಸೀತೆಯ ಹಾಡು ಆಯಿತು, ಶಬರಿಯದು ಆಯಿತು. ಮೂರನೆಯ ಹೆಸರಾಗಿ ನಿನ್ನನ್ನು ಕೂಗಿದರು. ನೀನು ಎದ್ದು ಬಂದು, ಅರ್ಧ ಬೆರಳಿಲ್ಲದ ಕೈಯಲ್ಲಿ ಮೈಕು ಹಿಡಿದು, ನನ್ನನ್ನು ನೋಡಿ ನಕ್ಕೆ. ಕಳೆ ಕೀಳುವಾಗ ನೀನೇ ಕಟ್ಟಿದ ಹಾಡು ಎಂದು ಪಕ್ಕದಲ್ಲಿದ್ದ ನಿಮ್ಮ ಬೀದಿಯ ಪೆದ್ದಕ್ಕ ಹೇಳಿದಳು.

ಅಚ್ಚಿನ ಕೀಲು ಉದುರಿತ್ತು ರಣದಾಗೆ
ಬೆಚ್ಚದೆ ಬೆರಳ ಇಟ್ಟೋಳು ಕೈಕವ್ವ
ಕೆಚ್ಚೆದೆ ಯಾರು ಕಂಡೋರು

ಬಾಯಿ ಕೇಳಿದ್ದು ಊರಿಗೆಲ್ಲ ನೆನಪೈತೆ
ಕೈಯಿ ಕೊಟ್ಟಿದ್ದು ಮರೆತೋಯ್ತು, ಕೈಕವ್ನ
ತಾಯಿ ಅಂದೋರು ಒಬ್ಬರಿಲ್ಲ

ಹಗಲೆಲ್ಲ ಬಾಗ್ಲಾಗೆ ಕುಂತಾಳೆ ಕೈಕವ್ವ
ಮಗ ಹೋದ ದಾರಿ ನೋಡ್ಕೊಂತ, ಅವಳೀಗೆ
ದಿಗುಲಾಗಿ ಕೂಳು ಸೇರಲ್ದು

ಹಾಡು ನನ್ನನ್ನೂ ಒಂದು ಗಳಿಗೆ ಹಿಡಿಯಿತು. ಅಷ್ಟರಲ್ಲಿ ಆ ಬಸ್ಸಿನ ಕಿಟಕಿ ಕಣ್ಣ ಮುಂದೆ ಬಂತು. ಮೈಕು ತೆಗೆದುಕೊಂಡೆ.

ಏನೆಂದೆ ಎಂಬುದನ್ನು ಒಂದೂ ಬಿಡದೆ ಬರೆಯುತ್ತೇನೆ. ರಥದ ಗಾಲಿ ಕಳಚದಂತೆ ಕೈಕೆ ಬೆರಳು ಕೊಟ್ಟದ್ದು ಗಂಡನ ಮೇಲಿನ ಪ್ರೀತಿಯಿಂದಲ್ಲ, ಮುಂದೆ ವರ ಕೇಳಬಹುದು ಎಂಬ ಲೆಕ್ಕಾಚಾರದಿಂದ ಎಂದೆ. ಎರಡನೆಯ ನುಡಿ ಮಾಡಿದ ಉಪಕಾರವನ್ನು ಆಡಿಕೊಳ್ಳುವವಳ ಜಂಭ ಎಂದೆ. ಮೂರನೆಯದರಲ್ಲಿ ದಿಗುಲು ಅಂದರೆ ದಿಗಿಲು, ಭಯ; ರಾಮ ತಿರುಗಿ ಬಂದರೆ ತನ್ನ ಗತಿಯೇನು ಎಂದು ಪಾಪಿ ನಡುಗುತ್ತಾ ಬಾಗಿಲು ಕಾಯುತ್ತಿದ್ದಾಳೆ ಎಂದೆ. ಕೊನೆಗೆ ನಿನ್ನ ಕಡೆಗೇ ತಿರುಗಿ, “ಕೈಕೆಯರು ತ್ರೇತಾಯುಗಕ್ಕೇ ಮುಗಿದು ಹೋಗಲಿಲ್ಲ, ನಮ್ಮ ನಿಮ್ಮ ಮನೆಗಳಲ್ಲೂ ಇದ್ದಾರೆ, ಹಾಡೂ ಕಟ್ಟುತ್ತಾರೆ” ಎಂದೆ. ಜನ ನಕ್ಕರು. ನಿಮ್ಮ ಬೀದಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಪ್ಪಾಳೆ ಬಿತ್ತು.

ಚಿಕ್ಕವ್ವ, ದಿಗುಲು ಅಂದರೆ ಏನೆಂದು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಕನ್ನಡಕ್ಕೆ ತೆಲುಗು ಬೆರೆಸದೆ ಯಾರು ಮಾತಾಡುತ್ತಿದ್ದರು? ಕರು ಮಾರಿದ ದಿನ ಹಸು ಹುಲ್ಲು ಮುಟ್ಟದೆ ನಿಂತಾಗ, ಅದರ ಕೊರಳು ಸವರುತ್ತಾ “ಪಾಪ, ದಿಗುಲು ಹತ್ತೈತೆ ಅದಕ್ಕೆ” ಎಂದವಳು ನೀನೇ. ತೆಲುಗಿನ ಆ ದಿಗುಲು ಭಯದ ಮಾತಲ್ಲ, ಕಳೆದುಕೊಂಡ ಜೀವಕ್ಕಾಗಿ ಒಳಗೊಳಗೇ ಕೊರಗುವುದರ ಮಾತು. ಹಾಡಿನಲ್ಲಿ ಕೂಳು ಸೇರಲ್ದು ಎಂಬುದೂ ಪಕ್ಕದಲ್ಲೇ ಇತ್ತು. ತಿಳಿಯದೆ ತಪ್ಪು ಅರ್ಥ ಹೇಳಿದ್ದರೆ ಅದು ದಡ್ಡತನ. ನಾನು ತಿಳಿದೇ ಹೇಳಿದೆ. ಎರಡು ಅರ್ಥ ಕೈಯಲ್ಲಿದ್ದಾಗ ನಿನಗೆ ನೋಯುವುದನ್ನು ಆರಿಸಿಕೊಂಡೆ.

ಕಾರ್ಯಕ್ರಮ ಮುಗಿದ ಮೇಲೆ ನೀನು ಬಾಗಿಲ ಹತ್ತಿರ ಕಾದಿದ್ದೆ. ಜಗಳ ಆಡುತ್ತೀಯ ಅಂದುಕೊಂಡೆ. ಆಡಿದ್ದರೆ ಒಳ್ಳೆಯದಿತ್ತು. “ಮೈಕ್ನಾಗೆ ನಿನ್ ಗಂಟ್ಲು ಥೇಟ್ ನಿಮ್ಮಪ್ಪನಂಗೇ ಕೇಳ್ತು ಕಣಪ್ಪ. ಬತ್ತೀನಿ, ಬಸ್ಸಿಗೆ ಹೊತ್ತಾಯ್ತು” ಎಂದು ಹೊರಟೆ.

ಕಳೆದ ವರ್ಷ ಜೂನಿನಲ್ಲಿ ಒಬ್ಬ ಮುದುಕ ಮೊಮ್ಮಗಳನ್ನು ಸೇರಿಸಲು ನಮ್ಮ ಸ್ಕೂಲಿಗೆ ಬಂದ. ನನ್ನ ಹೆಸರು, ಊರು ಕೇಳಿ, “ನೀನು ಬಾವಿ ಗಿರಿಯಪ್ಪನ ಹಿರೇ ಮಗ ಅಲ್ವೇನಪ್ಪ?” ಎಂದ. ಅಪ್ಪನ ಗುಂಪಿನ ಮೇಸ್ತ್ರಿ ಪೋತಪ್ಪ. ಜಗುಲಿಯಲ್ಲಿ ಕೂರಿಸಿ ಟೀ ತರಿಸಿದೆ. ಮೇಷ್ಟ್ರಾಗಿದ್ದೀಯಲ್ಲ, ಸಂತೋಷ ಎಂದ. “ಎಲ್ಲ ಚಿಕ್ಕವ್ವನ ಪುಣ್ಯ, ಮನೆಯಿಂದ ಓಡಿಸಿದಳಲ್ಲ” ಎಂದು ಕೊಂಕಾಗಿ ಅಂದೆ. ಅವನ ಕೈಯಲ್ಲಿದ್ದ ಟೀ ಲೋಟ ಕೆಳಗಿಳಿಯಿತು.

“ಕೊಂಕು ಮಾತಾಡ್ಬ್ಯಾಡ. ಪುಣ್ಯಾನೇ ಕಣಪ್ಪ ಅದು” ಎಂದ. “ರಾಟೆ ಕೀಲು ಸರ್ಯಾಗಿ ಬಡೀದೆ ಬಿಟ್ಟೋನು ನಾನು. ನಿಮ್ಮಪ್ಪ ಹಗ್ಗದಾಗೆ ನೇತಾಡ್ತಿದ್ದ, ಕೆಳೀಕೆ ಎಂಟಾಳುದ್ದ, ಬರೀ ಬಂಡೆ. ಕೀಲು ಉದುರೋಯ್ತು. ಬುತ್ತಿ ತಂದು ನಿಂತಿದ್ದೋಳು ನಿಮ್ಮ ಚಿಕ್ಕವ್ವ, ಆ ತೂತಿಗೆ ಬೆರಳು ತುರುಕ್ಬುಟ್ಲು. ನಾವು ನಾಕು ಜನ ಹಗ್ಗ ಹಿಡ್ಯೋಗಂಟ ತೆಗೀಲಿಲ್ಲ. ತಾಯೀ, ಯಾರಿಗೂ ಹೇಳ್ಬ್ಯಾಡ, ಗೊತ್ತಾದ್ರೆ ನನ್ ಗುಂಪಿಗೆ ಯಾರೂ ಬರಲ್ಲ ಅಂತ ಕಾಲಿಗೆ ಬಿದ್ದೆ. ಇವತ್ತಿಗೂ ಹೇಳಿಲ್ಲ ಆ ಯಮ್ಮ.”

ಉಳಿದದ್ದನ್ನೂ ಅವನೇ ಹೇಳಿದ. ಅವತ್ತು ಅಪ್ಪ ನಿನಗೆ ಏನು ಬೇಕಾದರೂ ಕೇಳು ಎಂದನಂತೆ, ನೀನು ಏನೂ ಬೇಡ ಎಂದೆಯಂತೆ. ಎರಡು ವರ್ಷ ಕಳೆದು, ಸಣ್ಣ ಮೈಯವನು, ಇಕ್ಕಟ್ಟಿನಲ್ಲಿ ಬಂಡೆಗೆ ಮದ್ದು ತುಂಬಲು ಆಗುತ್ತಾನೆ ಎಂದು ಅಪ್ಪ ನನ್ನನ್ನು ಬಾವಿಗಿಳಿಸಲು ಹೊರಟನಂತೆ. ಆಗ ನೀನು ಪೋತಪ್ಪನ ಎದುರಿಗೇ, “ಅವತ್ತು ಕೇಳು ಅಂದಿದ್ಯಲ್ಲ, ಇವತ್ತು ಕೇಳ್ತೀನಿ. ಓಬುಳಪತಿ ಬಾವಿಗೆ ಇಳೀಬಾರ್ದು. ಹಿಂದೂಪುರದಾಗೆ ಓದ್ಬೇಕು” ಎಂದೆಯಂತೆ. “ನನ್ನ ಕಸುಬು ಬ್ಯಾಡದೋನಿಗೆ ನನ್ನ ಮನೇನೂ ಬ್ಯಾಡ. ಅವ್ನ ಬದ್ಲಿಗೆ ನಾಳೆ ನಿನ್ ಮಗ ಇಳೀತಾನೆ, ಆಯ್ತಾ?” ಎಂದು ಅಪ್ಪ ಕೇಳಿದನಂತೆ. ನೀನು ಆಗ್ಲಿ ಎಂದೆಯಂತೆ.

ಯರ್ರಿಸ್ವಾಮಿ ಹನ್ನೆರಡನೇ ವಯಸ್ಸಿಗೆ ಇಳಿದ. ಒಂದು ದಿನ ಮದ್ದು ಹೊತ್ತಿಗೆ ಮುಂಚೆ ಸಿಡಿದು ಅವನ ಎರಡು ಕಿವಿಯೂ ಹೋಯಿತು ಎಂದು ಪೋತಪ್ಪ ಹೇಳುವವರೆಗೆ ನನಗೆ ಗೊತ್ತಿರಲಿಲ್ಲ. ಅಪ್ಪನ ತಿಥಿಯಲ್ಲಿ ನಾನು ಸೊಕ್ಕು ಅಂದುಕೊಂಡದ್ದು ಅದು. ರಾಮಾಯಣದ ಕೈಕೆ ತನ್ನ ಮಗನಿಗೆ ಸಿಂಹಾಸನ ಕೇಳಿದಳು. ನೀನು ನಿನ್ನ ಮಗನಿಗೆ ಬಾವಿ ಕೊಟ್ಟು, ನನಗೆ ಪುಸ್ತಕ ಕೊಡಿಸಿದೆ. ಆ ಪುಸ್ತಕ ಓದಿದ ನಾಲಿಗೆಯಿಂದಲೇ ನಾನು ನಿನಗೆ ಅರ್ಥ ಹೇಳಿದೆ.

ಆಗಸ್ಟಿನಲ್ಲಿ ನಿನ್ನನ್ನು ನೋಡಲೆಂದು ಬಂದಿದ್ದೆ. ನಿನಗೆ ಗೊತ್ತಿಲ್ಲ. ಬಸ್ಸಿಳಿದು ಬರುವಾಗ ರಸ್ತೆ ಪಕ್ಕದ ಕಡಲೆಕಾಯಿ ಹೊಲದಲ್ಲಿ ನೀವೆಲ್ಲ ಕಳೆ ಕೀಳುತ್ತಿದ್ದಿರಿ. ಹೆಂಗಸರು ಹಾಡುತ್ತಿದ್ದರು. ನೀನು ಒಂದು ಸಾಲು ಹಿಂದೆ, ಬಾಯಿ ಮುಚ್ಚಿಕೊಂಡು, ಬಗ್ಗಿ ಕೀಳುತ್ತಿದ್ದೆ. ದಾರಿಯಲ್ಲಿ ಸಿಕ್ಕಿದ ಪೆದ್ದಕ್ಕ, “ಮದ್ವೆ ಮನೆಗೆ ಸೋಬಾನೆ ಹೇಳೋಕೂ ಯಾರೂ ಕರ್ಯಲ್ಲಪ್ಪ ಇವಾಗ. ಬೆಳೆಸಿದ ಮಗನೇ ಮೈಕ್ನಾಗೆ ಅಂದ್ಮ್ಯಾಲೆ ಊರ್ನೋರು ಬಿಡ್ತಾರಾ?” ಎಂದಳು. ಹೊಲದ ಬದುವಿನವರೆಗೆ ಬಂದವನು ಅಲ್ಲಿಂದಲೇ ತಿರುಗಿ, ಅದೇ ಬಸ್ಸಿನಲ್ಲಿ ವಾಪಸು ಹೋದೆ.

ಹೋದ ವಾರ ರಾಮನವಮಿಗೆ ಮತ್ತೆ ಕಲ್ಯಾಣದುರ್ಗದ ಅದೇ ಛತ್ರಕ್ಕೆ ಹೋದೆ, ಯಾರೂ ಕರೆದಿರಲಿಲ್ಲ. ಐದು ನಿಮಿಷ ಮೈಕು ಬೇಡಿದೆ. ಪಾನಕ ಹಂಚುವ ಗದ್ದಲದ ನಡುವೆ ನಿನ್ನ ಮೂರು ನುಡಿಯನ್ನೂ ಹೇಳಿ, ಅವತ್ತು ನಾನು ಸುಳ್ಳು ಅರ್ಥ ಹೇಳಿದೆ, ಬೇಕೆಂದೇ ಹೇಳಿದೆ, ಆ ಹಾಡು ಕಟ್ಟಿದವಳು ನನ್ನನ್ನು ಸಾಕಿದ ತಾಯಿ ಎಂದೆ. ಪೋತಪ್ಪನೂ ಕೋಲೂರಿಕೊಂಡು ಬಂದಿದ್ದ. ತಾನಾಗಿ ಎದ್ದು, ಕೀಲು ಬಡಿಯದೆ ಬಿಟ್ಟ ಪಾಪಿ ನಾನೇ ಎಂದು ಹೇಳಿ ಕುಳಿತ. ಕೇಳಿದವರು ಮೂವತ್ತು ಜನ ಇರಬಹುದು. ಅವತ್ತು ನಕ್ಕವರು ಮುನ್ನೂರು ಜನ. ಪೆದ್ದಕ್ಕ ನನ್ನ ಹತ್ತಿರ ಬಂದು, “ಇಲ್ಲಿ ಹೇಳಿದ್ದು ಸರೀನೇ. ನಾನು ಹೋಗಿ ಆಯಮ್ಮನ್ಗೆ ಹೇಳಲ್ಲ. ನೀನೇ ಹೋಗಿ ಹೇಳು” ಎಂದಳು. ಅವಳ ಮಾತಿಗೆ ಹೆದರಿಯೇ ಇವತ್ತು ಪೆನ್ನು ಹಿಡಿದದ್ದು.

ಈ ಕಾಗದವನ್ನು ನಿನಗೆ ಓದಿ ಹೇಳಬೇಕಾದವನು ಯರ್ರಿಸ್ವಾಮಿ. ತನ್ನ ದನಿ ತನಗೇ ಕೇಳದವನು, ಜೋರಾಗಿ ಓದುತ್ತಾನೆ. ಮೆಲ್ಲಗೆ ಓದು ಎಂದು ಸನ್ನೆ ಮಾಡಬೇಡ. ಬೀದಿಗೆಲ್ಲ ಕೇಳಲಿ. ತಮ್ಮಾ, ಇಲ್ಲಿಗೆ ಬಂದಾಗ ನಿಲ್ಲಿಸಬೇಡ, ಇದನ್ನೂ ಓದು: ನನ್ನ ಪಾಲಿಗೆ ಬರಬೇಕಿದ್ದುದನ್ನು ನೀನು ಅನುಭವಿಸಿದೆ. ನಿನ್ನ ಮುಂದೆ ನಾನು ತಲೆ ಎತ್ತಲಾರೆ.

ಬರುವ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಈ ಸಲ ಬದುವಿನಿಂದ ತಿರುಗುವುದಿಲ್ಲ. ಕ್ಷಮಿಸು ಎಂದು ಕೇಳಲು ಅಲ್ಲ. ನೀನು ಕ್ಷಮಿಸಿಬಿಡುತ್ತೀಯ, ನನಗೆ ಅದೇ ಭಯ. ಮೊದಲು ಬೈದುಬಿಡು. ಒಳಗೆ ಕರೆದು ನೀರು ಕೊಡುವ ಮುಂಚೆ, ಬೀದಿಯಲ್ಲಿ ನಿಲ್ಲಿಸಿ, ಇಪ್ಪತ್ತನಾಲ್ಕು ವರ್ಷದ್ದನ್ನೂ ಬೈ. ಎಷ್ಟು ಹೊತ್ತಾದರೂ ನಿಂತು ಕೇಳುತ್ತೇನೆ. ಒಂದು ಮಾತಿಗೂ ನಾನು ಅರ್ಥ ಹೇಳುವುದಿಲ್ಲ.

ನಿನ್ನ ಕೈ ಕಾಲು ಗಟ್ಟಿಯಾಗಿರಲಿ, ನಿನ್ನ ಗಂಟಲು ಮತ್ತೆ ತೆರೆಯಲಿ ಎಂದು ದೇವರಲ್ಲಿ ಬೇಡುತ್ತಾ,

ನೀನು ಬಾವಿಗೆ ಬಿಡದೆ ಉಳಿಸಿಕೊಂಡವನು,
ಓಬುಳಪತಿ